ಕೆಲಸ ಗುತ್ತಿಗೆಗೆ ಕೊಡಬಹುದು, ಹೊಣೆಯನ್ನಲ್ಲ

ಕಾರ್ಖಾನೆಗೋ ಆಸ್ಪತ್ರೆಗೋ ಗೋದಾಮಿಗೋ ಒಮ್ಮೆಲೇ ನೂರು ಜನ ಬೇಕಾದಾಗ ನಮ್ಮಲ್ಲಿ ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಎಚ್‌ಆರ್ ವಿಭಾಗ ನಾಲ್ಕೈದು ಮ್ಯಾನ್‌ಪವರ್ ಏಜೆನ್ಸಿಗಳಿಂದ ಕೊಟೇಶನ್ ತರಿಸುತ್ತದೆ. ಸೇವಾಶುಲ್ಕ ಶೇಕಡ ಎಷ್ಟು, ಎಷ್ಟು ದಿನದಲ್ಲಿ ಜನರನ್ನು ತಂದು ನಿಲ್ಲಿಸುತ್ತಾರೆ, ಬಿಲ್ಲಿನ ಹಣಕ್ಕೆ ಎಷ್ಟು ದಿನ ಕಾಯಲು ಒಪ್ಪುತ್ತಾರೆ ಎಂಬ ಮೂರು ಅಂಕಣಗಳ ಪಟ್ಟಿಯೊಂದು ತಯಾರಾಗುತ್ತದೆ. ಕಡಿಮೆ ಶುಲ್ಕ, ಹೆಚ್ಚು ವೇಗ, ದೀರ್ಘ ಸಾಲ ಯಾರದ್ದೋ ಅವರಿಗೆ ಆದೇಶ ಹೋಗುತ್ತದೆ. ಪ್ಯಾಕಿಂಗ್ ಡಬ್ಬಗಳನ್ನು ಕೊಳ್ಳುವಾಗಲೂ ಇದೇ ಪಟ್ಟಿ, ಇದೇ ಸಹಿ. ಡಬ್ಬದ ವ್ಯಾಪಾರದಲ್ಲಿ ಈ ಕ್ರಮಕ್ಕೆ ಆಕ್ಷೇಪವಿಲ್ಲ. ಮಾಲು ಕೆಟ್ಟರೆ ವಾಪಸು ಕಳಿಸಿದರಾಯಿತು. ಆದರೆ ಏಜೆನ್ಸಿಯ ಮೂಲಕ ಬರುವವರು ತಿಂಗಳ ಸಂಬಳವನ್ನೇ ನಂಬಿ ಬಾಡಿಗೆ, ರೇಷನ್, ಸಾಲದ ಕಂತುಗಳನ್ನು ಹೊಂದಿಸಿಕೊಂಡಿರುವ ಮನುಷ್ಯರು. ಅವರ ಸಂಬಳ ಸರಿಯಾಗಿ ಕೈಸೇರುತ್ತದೆಯೇ ಎಂಬ ನಾಲ್ಕನೆಯ ಅಂಕಣ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಏಜೆನ್ಸಿ ಆಯ್ಕೆಯ ನಮ್ಮ ರೂಢಿಯ ದೋಷವೆಲ್ಲ ಈ ಒಂದು ಖಾಲಿ ಅಂಕಣದಲ್ಲಿದೆ ಎಂಬುದು ನನ್ನ ವಾದ. ಏಜೆನ್ಸಿಯನ್ನು ಅಳೆಯಬೇಕಾದದ್ದು ಅದು ಕಂಪನಿಗೆ ಕೊಡುವ ಕೊಟೇಶನ್ನಿನಿಂದಲ್ಲ, ಕಾರ್ಮಿಕನಿಗೆ ಕೊಡುವ ಸಂಬಳ ಚೀಟಿಯಿಂದ. ಹಾಗೆ ಅಳೆಯದ ಕಂಪನಿ ತಾನು ದುಡ್ಡು ಉಳಿಸಿದೆ ಎಂದುಕೊಂಡಿರುವುದು ಒಂದು ತಪ್ಪು ಲೆಕ್ಕ.

ಇದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಜಾವ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. ಗಾಜು ಒಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಪೊಲೀಸ್ ದೂರಿನಲ್ಲಿ ಕಂಪನಿ ತನ್ನ ನಷ್ಟವನ್ನು 437 ಕೋಟಿ ರೂಪಾಯಿ ಎಂದಿತ್ತು. ಆಮೇಲೆ ಆ ಅಂದಾಜನ್ನು ಬಹಳಷ್ಟು ಇಳಿಸಿತು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಕಾರ್ಖಾನೆಗಳ ಇಲಾಖೆಯ ತಪಾಸಣಾ ವರದಿ ಬಯಲಿಗೆ ತಂದ ಸಂಗತಿಗಳನ್ನು ಏಜೆನ್ಸಿ ಗೊತ್ತುಮಾಡುವ ಪ್ರತಿಯೊಬ್ಬರೂ ಓದಬೇಕು. ಅಲ್ಪ ಕಾಲದಲ್ಲೇ ಘಟಕದ ಸಿಬ್ಬಂದಿ ಐದು ಸಾವಿರದಿಂದ ಸುಮಾರು ಹತ್ತು ಸಾವಿರಕ್ಕೆ ಏರಿತ್ತು. ಕಾಯಂ ನೌಕರರು 1,343 ಮಂದಿ. ಗುತ್ತಿಗೆ ಕಾರ್ಮಿಕರು 8,490. ಅವರನ್ನು ಒದಗಿಸಿದ್ದು ಆರು ಏಜೆನ್ಸಿಗಳು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಏರಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟು ತಿಂಗಳುಗಳಾಗಿದ್ದರೂ ಸರಿಯಾಗಿರಲಿಲ್ಲ. ಹೇಳಿದ ಸಂಬಳಕ್ಕೂ ಬಂದ ಸಂಬಳಕ್ಕೂ ತಾಳೆಯಿರಲಿಲ್ಲ. ಇಷ್ಟು ಜನರ ಅಹವಾಲು ಕೇಳುವ ಶಕ್ತಿ ಎಚ್‌ಆರ್ ವಿಭಾಗಕ್ಕೆ ಇರಲಿಲ್ಲ.

ನರಸಾಪುರದಲ್ಲಿ ಗಮನಿಸಬೇಕಾದದ್ದು ಎರಡು. ಮೊದಲನೆಯದು, ಆ ಆರು ಏಜೆನ್ಸಿಗಳು ಹೆಸರಿಲ್ಲದ ದಲ್ಲಾಳಿಗಳಾಗಿರಲಿಲ್ಲ. ದೇಶದಲ್ಲೇ ದೊಡ್ಡವೆನಿಸಿದವೂ ಅವುಗಳಲ್ಲಿದ್ದವು. ಹಾಗಾಗಿ ‘ದೊಡ್ಡ ಹೆಸರಿನ ಏಜೆನ್ಸಿ ಹಿಡಿದರೆ ತಲೆನೋವಿಲ್ಲ’ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ. ಏಜೆನ್ಸಿ ಎಷ್ಟೇ ದೊಡ್ಡದಿರಲಿ, ಸಂಬಳದ ಲೆಕ್ಕ ಹಾಕುವುದು ಕಾರ್ಖಾನೆ ಕೊಟ್ಟ ಹಾಜರಿಯ ಮೇಲೆ. ಮೂಲದಲ್ಲೇ ಹಾಜರಿ ತಪ್ಪಿದ್ದರೆ ಅದರಿಂದ ಇಳಿದುಬರುವ ಎಲ್ಲವೂ ತಪ್ಪು. ಕಾರ್ಮಿಕ ಕಂಪನಿಯನ್ನು ಕೇಳಿದರೆ ಏಜೆನ್ಸಿಯತ್ತ ಬೆರಳು, ಏಜೆನ್ಸಿಯನ್ನು ಕೇಳಿದರೆ ಕಂಪನಿಯ ಹಾಜರಿಯತ್ತ ಬೆರಳು. ನಡುವೆ ಎರಡು ತಿಂಗಳ ದುಡಿಮೆಯ ದುಡ್ಡು ಯಾರ ಮೇಜಿನ ಮೇಲೂ ಇಲ್ಲ. ಎರಡನೆಯದು, ಬೆಲೆ ತೆತ್ತವರು ಯಾರು ಎಂಬುದು. ಘಟನೆಯಾಗಿ ಒಂದು ವಾರಕ್ಕೆ, ಡಿಸೆಂಬರ್ 19ರಂದು, ಆ್ಯಪಲ್ ಹೇಳಿಕೆ ಕೊಟ್ಟು, ಕೆಲಸದ ಅವಧಿಯ ನಿರ್ವಹಣೆ ಸರಿಯಿರದೆ ಅಕ್ಟೋಬರ್, ನವೆಂಬರ್ ತಿಂಗಳ ಪಾವತಿ ಕೆಲವರಿಗೆ ತಡವಾಗಿದೆಯೆಂದು ಒಪ್ಪಿತು. ಸುಧಾರಣೆಯಾಗುವವರೆಗೆ ಹೊಸ ವ್ಯವಹಾರ ಕೊಡುವುದಿಲ್ಲವೆಂದು ವಿಸ್ಟ್ರಾನನ್ನು ನಿಗಾದಲ್ಲಿಟ್ಟಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಜಗತ್ತಿನ ಪತ್ರಿಕೆಗಳಲ್ಲಿ ಎದ್ದುಕಂಡ ಹೆಸರು ಆರು ಏಜೆನ್ಸಿಗಳದ್ದಲ್ಲ, ಕಾರ್ಖಾನೆಯದ್ದು ಮತ್ತು ಅದಕ್ಕೆ ಕೆಲಸ ಕೊಟ್ಟ ಕಂಪನಿಯದ್ದು.

ಪೇಟೆ ಕೊಟ್ಟ ಈ ತೀರ್ಪನ್ನು ಕಾನೂನು ಅರ್ಧ ಶತಮಾನದ ಹಿಂದೆಯೇ ಕೊಟ್ಟಿತ್ತು. 1970ರ ಗುತ್ತಿಗೆ ಕಾರ್ಮಿಕ (ನಿಯಂತ್ರಣ ಮತ್ತು ರದ್ದತಿ) ಕಾಯ್ದೆ ಸಂಬಳ ಕೊಡುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿ, ಆತ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಸಂಬಳ ಬಟವಾಡೆಯ ಹೊತ್ತಿಗೆ ಮೂಲ ಮಾಲೀಕನ ಪ್ರತಿನಿಧಿ ಹಾಜರಿದ್ದು, ಹಣ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ದೃಢೀಕರಿಸಬೇಕೆಂದೂ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆಯ ಸ್ಥಾನವನ್ನು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ತೆಗೆದುಕೊಂಡಿದೆ. ಹಳೆಯ ಕಾಯ್ದೆ ಇಪ್ಪತ್ತು ಗುತ್ತಿಗೆ ಕಾರ್ಮಿಕರಿದ್ದಲ್ಲಿ ಅನ್ವಯವಾಗುತ್ತಿತ್ತು. ಹೊಸದು ಐವತ್ತಕ್ಕೆ ಏರಿಸಿದೆ. ಈ ಸಡಿಲಿಕೆ ಸಣ್ಣ ಗುಂಪುಗಳ ಕಾರ್ಮಿಕರಿಗೆ ನಷ್ಟವೆಂದೇ ನನ್ನ ಅಭಿಪ್ರಾಯ. ಆದರೂ ಗುತ್ತಿಗೆದಾರ ಕೈಕೊಟ್ಟರೆ ಸಂಬಳದ ಹೊಣೆ ಮೂಲ ಮಾಲೀಕನದ್ದೇ ಎಂಬ ತತ್ವ ಅಲ್ಲಿಯೂ ಉಳಿದಿದೆ. ಭವಿಷ್ಯನಿಧಿ (ಪಿಎಫ್) ಮತ್ತು ನೌಕರರ ವಿಮೆಯಾದ ಇಎಸ್‌ಐ ವಿಷಯದಲ್ಲೂ ಕಾನೂನು ಕೊನೆಗೆ ಬಂದು ಬಾಗಿಲು ತಟ್ಟುವುದು ಮೂಲ ಮಾಲೀಕನದ್ದೇ. ಅಂದಮೇಲೆ ಕೊಟೇಶನ್ನಿನ ಪಟ್ಟಿಗೆ ಸಹಿ ಹಾಕುವವರು ಕೊಳ್ಳುತ್ತಿರುವುದು ಜನರನ್ನು ಹುಡುಕುವ, ದಾಖಲೆ ಇಡುವ, ಸಂಬಳ ಹಂಚುವ ಶ್ರಮವನ್ನು ಮಾತ್ರ. ಉದ್ಯೋಗದಾತನ ಹೊಣೆ ಮಾರಾಟಕ್ಕಿರುವ ಸರಕಲ್ಲ. ಇದು ಮನದಟ್ಟಾದವರು ಏಜೆನ್ಸಿಯನ್ನು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ಈಗ ಕೊಟೇಶನ್ನಿನ ಲೆಕ್ಕವನ್ನೇ ಬಿಡಿಸಿ ನೋಡೋಣ. ಉದಾಹರಣೆಗೆ ಒಬ್ಬ ಕಾರ್ಮಿಕನಿಗೆ ತಿಂಗಳಿಗೆ 18,000 ರೂಪಾಯಿ ಸಂಬಳ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000 ಎಂದಿಟ್ಟುಕೊಳ್ಳಿ. ಮಾಲೀಕನ ಪಾಲಿನ ಪಿಎಫ್ ಶೇಕಡ 12, ವಿಮೆ ಮತ್ತು ಆಡಳಿತ ವೆಚ್ಚ ಸೇರಿ ಶೇಕಡ 13, ಅಂದರೆ 1,950 ರೂಪಾಯಿ. ಇಎಸ್‌ಐಗೆ ಶೇಕಡ 3.25ರಂತೆ 585. ಬೋನಸ್, ರಜೆ, ಗ್ರಾಚ್ಯುಟಿಗಳನ್ನು ಪಕ್ಕಕ್ಕಿಟ್ಟರೂ ತಲೆಗೆ 20,535 ರೂಪಾಯಿ. ಈ ಮೊತ್ತದಲ್ಲಿ ಏಜೆನ್ಸಿ ಏಜೆನ್ಸಿಗೆ ವ್ಯತ್ಯಾಸವಾಗಲು ಕಾನೂನಿನ ಪ್ರಕಾರ ಜಾಗವೇ ಇಲ್ಲ. ಪೈಪೋಟಿ ಇರುವುದೆಲ್ಲ ಅದರ ಮೇಲಿನ ಸೇವಾಶುಲ್ಕದಲ್ಲಿ. ಒಬ್ಬರು ಶೇಕಡ 8 ಕೇಳಿದರೆ 1,643 ರೂಪಾಯಿ. ಇನ್ನೊಬ್ಬರು ಶೇಕಡ 3ಕ್ಕೆ ಒಪ್ಪಿದರೆ 616. ನೂರು ಜನರಿಗೆ ತಿಂಗಳಿಗೆ ಒಂದು ಲಕ್ಷಕ್ಕೂ ಮಿಕ್ಕ ಉಳಿತಾಯ. ಖರೀದಿ ವಿಭಾಗ ಬೆನ್ನು ತಟ್ಟಿಕೊಳ್ಳುವುದು ಸಹಜ. ಆದರೆ ಅದೇ ಕಂಪನಿ ಬಿಲ್ಲಿನ ಹಣ ಕೊಡುವುದು 45 ದಿನದ ಮೇಲೆ. ಸಂಬಳ ಮಾತ್ರ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಆಗಬೇಕು. ಅಷ್ಟು ದಿನ ಏಜೆನ್ಸಿ ಕೈಯಿಂದ ಹಾಕುವ ದುಡ್ಡಿಗೆ ವರ್ಷಕ್ಕೆ ಶೇಕಡ 12ರ ಬಡ್ಡಿ ಹಿಡಿದರೆ ತಲೆಗೆ ಸುಮಾರು 300 ರೂಪಾಯಿ ಹೋಯಿತು. ಬಿಲ್ ಪಾವತಿಸುವಾಗ ಕಂಪನಿ ಶೇಕಡ 2 ಟಿಡಿಎಸ್ ಮುರಿದುಕೊಂಡರೆ ಇನ್ನೂ 423 ರೂಪಾಯಿ ತೆರಿಗೆ ಲೆಕ್ಕ ಮುಗಿಯುವವರೆಗೆ ಕೈಗೆ ಸಿಗದು. ಇವೆರಡೇ 616ನ್ನು ಮೀರಿದವು. ಇಡೀ ಬಿಲ್ಲಿನ ಮೇಲೆ, ಅಂದರೆ ಸಂಬಳದ ಭಾಗದ ಮೇಲೂ ಸೇರಿ, ಶೇಕಡ 18 ಜಿಎಸ್‌ಟಿಯನ್ನು ಕಂಪನಿಯಿಂದ ಹಣ ಬರುವ ಮೊದಲೇ ಸರ್ಕಾರಕ್ಕೆ ಕಟ್ಟಬೇಕು. ಇನ್ನು ಜನರನ್ನು ಹುಡುಕುವ ಖರ್ಚು, ಕಚೇರಿ ಬಾಡಿಗೆ, ಸಂಬಳದ ಲೆಕ್ಕ ಹಾಕುವ ಗುಮಾಸ್ತ, ಸ್ಥಳದಲ್ಲಿ ನಿಂತು ಅಹವಾಲು ಕೇಳುವ ಮೇಲ್ವಿಚಾರಕ, ಇವರೆಲ್ಲರ ದುಡ್ಡು ಎಲ್ಲಿಂದ ಬರಬೇಕು?

ಅದು ಬರುವುದು ಕಾರ್ಮಿಕನ ಕಿಸೆಯಿಂದ. ಇದನ್ನು ನಾನು ಏಜೆನ್ಸಿಗಳೆಲ್ಲ ಕಳ್ಳರೆಂಬ ಅರ್ಥದಲ್ಲಿ ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ನಡೆಸಲಾಗದ ದರಕ್ಕೆ ಆದೇಶ ಕೊಡುವ ಕಂಪನಿಯೇ ಅಪ್ರಾಮಾಣಿಕತೆಗೆ ದಾರಿ ಮಾಡುತ್ತದೆ ಎಂಬುದು ಮಾತಿನ ತಿರುಳು. ದಾರಿಗಳು ಈ ವ್ಯವಹಾರ ಬಲ್ಲವರಿಗೆ ಹೊಸತಲ್ಲ. ಮೂಲ ವೇತನವನ್ನು ಕಡಿಮೆ ತೋರಿಸಿ ಉಳಿದದ್ದನ್ನು ನಾನಾ ಭತ್ಯೆಗಳಲ್ಲಿ ಹಂಚಿದರೆ ಪಿಎಫ್ ಇಳಿಯುತ್ತದೆ. ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚುವರಿಯನ್ನು ವೇತನವೆಂದೇ ಎಣಿಸಬೇಕೆಂದು ಹೊಸ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆ ಹೇಳಿರುವುದು ಈ ಚಾಳಿಯನ್ನು ತಡೆಯಲೆಂದೇ. ಹೊಸದಾಗಿ ಸೇರಿದವರ ಹೆಸರನ್ನು ಎರಡು ತಿಂಗಳು ಪಿಎಫ್ ಪಟ್ಟಿಗೆ ಏರಿಸದಿದ್ದರೆ, ಅಷ್ಟರಲ್ಲಿ ಬಿಟ್ಟುಹೋದವರ ಪಾಲು ಪೂರ್ತಿ ಉಳಿತಾಯ. ಹೆಚ್ಚುವರಿ ಗಂಟೆಗಳ ದುಡಿಮೆಗೆ, ಅಂದರೆ ಓಟಿಗೆ, ಕಾನೂನು ಹೇಳುವುದು ದುಪ್ಪಟ್ಟು ದರ. ಕೊಡುವುದು ಒಂಟಿ ದರ. ಸಮವಸ್ತ್ರ, ಗುರುತಿನ ಚೀಟಿ, ಹಾಸ್ಟೆಲ್, ಬಸ್ಸು ಎಂದು ಸಂಬಳದಲ್ಲಿ ಕಡಿತ. ಕೆಲಸ ಬಿಟ್ಟವನ ಕೊನೆಯ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಮುಗಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ; ‘ನಾಳೆ ಬಾ’ ಎಂದು ತಿಂಗಳುಗಟ್ಟಲೆ ಅಲೆಸಿದರೆ ಅರ್ಧ ಜನ ದುಡ್ಡಿನ ಆಸೆಯನ್ನೇ ಬಿಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಕೆಲಸ ಕೊಡಿಸಲು ಕೆಲಸಗಾರನಿಂದಲೇ ಹಣ ಪಡೆಯುವುದು. ಊರಿನ ಮಟ್ಟದಲ್ಲಿ ಏಜೆಂಟನೊಬ್ಬ ಐದೋ ಹತ್ತೋ ಸಾವಿರ ವಸೂಲಿ ಮಾಡಿ ಹುಡುಗರನ್ನು ಬಸ್ಸು ಹತ್ತಿಸಿದರೆ, ಅವರು ಕಾರ್ಖಾನೆಯ ಗೇಟಿಗೆ ಬರುವಾಗಲೇ ಸಾಲಗಾರರಾಗಿರುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ಪಡೆಯಬಾರದೆಂದು ಸಾರಿದೆ. ನೇಮಕದ ಖರ್ಚು ಮಾಲೀಕನದ್ದು ಎಂಬುದು ಇದರ ಹಿಂದಿನ ಸರಳ ನ್ಯಾಯ. ಶೇಕಡ 3ರ ಕೊಟೇಶನ್ ಒಪ್ಪಿಕೊಂಡ ಕಂಪನಿ ಆ ಖರ್ಚನ್ನು ತಾನು ಕೊಡದೆ ಬೇರೆ ಯಾರು ಕೊಡುತ್ತಿದ್ದಾರೆಂದು ಕೇಳಲೇಬೇಕು.

ಹಾಗಾದರೆ ಒಳ್ಳೆಯ ಏಜೆನ್ಸಿಯನ್ನು ಗುರುತಿಸುವುದು ಹೇಗೆ? ಐಎಸ್‌ಒ ಪ್ರಮಾಣಪತ್ರ, ಗೋಡೆಯ ಮೇಲಿನ ಪ್ರಶಸ್ತಿಗಳು, ಗ್ರಾಹಕ ಕಂಪನಿಗಳ ಉದ್ದನೆಯ ಪಟ್ಟಿ, ಇವು ಯಾವುವೂ ಉತ್ತರವಲ್ಲ. ಕೇಳಬೇಕಾದದ್ದು ಹೆಸರುಹೆಸರಿನ ದಾಖಲೆ. ಪಿಎಫ್ ಕಟ್ಟಿದ ಚಲನ್ ತೋರಿಸಿ ಎಂದರೆ ಯಾವ ಏಜೆನ್ಸಿಯೂ ಒಂದು ದೊಡ್ಡ ಮೊತ್ತದ ಚಲನ್ ತೋರಿಸುತ್ತದೆ. ಅದು ಯಾವ ಕಾರ್ಖಾನೆಯ ಯಾರ ಹೆಸರಿಗೆ ಎಂಬುದು ಅದರಲ್ಲಿ ಇರುವುದಿಲ್ಲ. ಚಲನ್ನಿನ ಜೊತೆಗೆ ಸಲ್ಲಿಸುವ ಇಸಿಆರ್ ಪಟ್ಟಿಯಲ್ಲಿ ಪ್ರತಿ ಕಾರ್ಮಿಕನ ಪಿಎಫ್ ಗುರುತಾದ ಯುಎಎನ್ ಸಂಖ್ಯೆ, ವೇತನ, ಕಟ್ಟಿದ ಮೊತ್ತ ಇರುತ್ತವೆ. ಏಜೆನ್ಸಿ ಈಗ ಜನ ಒದಗಿಸುತ್ತಿರುವ ಒಂದು ಕಡೆಯ ಮೂರು ತಿಂಗಳ ಇಸಿಆರ್, ಅದೇ ತಿಂಗಳುಗಳ ಹಾಜರಿ, ಅದೇ ಜನರ ಖಾತೆಗೆ ಹಣ ಹೋದ ಬ್ಯಾಂಕ್ ವಿವರ, ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಏಜೆನ್ಸಿಯ ಬಣ್ಣ ತಿಳಿಯುತ್ತದೆ. ಕಾರ್ಮಿಕರ ಖಾಸಗಿ ವಿವರ ಮರೆಮಾಡಿ ಕೊಡುವುದು ಕಷ್ಟವೇನಲ್ಲ. ಕೊಡಲು ಹಿಂದೇಟು ಹಾಕುವುದೇ ಒಂದು ಉತ್ತರ. ಎರಡನೆಯದಾಗಿ, ಬಿಟ್ಟುಹೋದವರ ಲೆಕ್ಕ ಕೇಳಬೇಕು. ಕಳೆದ ಆರು ತಿಂಗಳಲ್ಲಿ ಎಷ್ಟು ಜನ ಬಿಟ್ಟರು, ಅವರ ಕೊನೆಯ ಪಾವತಿ ಎಷ್ಟು ದಿನಕ್ಕೆ ಆಯಿತು? ಕೆಲಸದಲ್ಲಿ ಇರುವವನಿಗೆ ಸಂಬಳ ಕೊಡುವುದು ಅನಿವಾರ್ಯ. ಹೋದವನಿಗೆ ಕೊಡುವುದರಲ್ಲಿ ಏಜೆನ್ಸಿಯ ನಿಯತ್ತು ಗೊತ್ತಾಗುತ್ತದೆ. ಮೂರನೆಯದು, ಅದರ ಕೆಳಗೆ ಎಷ್ಟು ಮಂದಿ ಉಪ ಏಜೆಂಟರಿದ್ದಾರೆ, ಅವರಿಗೆ ಹಣ ಕೊಡುವವರು ಯಾರು ಎಂಬ ಲಿಖಿತ ಉತ್ತರ. ನಾಲ್ಕನೆಯದು, ಕಂಪನಿಯ ಬಿಲ್ ತಡವಾದರೂ ಎರಡು ತಿಂಗಳ ಸಂಬಳ ಕೊಡುವಷ್ಟು ಬಂಡವಾಳ ಅಥವಾ ಬ್ಯಾಂಕಿನ ಸಾಲಸೌಲಭ್ಯ ಅದಕ್ಕಿದೆಯೇ ಎಂಬುದು. ಈ ನಾಲ್ಕರಲ್ಲಿ ಗೆದ್ದ ಏಜೆನ್ಸಿಗಳ ನಡುವೆ ಮಾತ್ರ ಸೇವಾಶುಲ್ಕ ಹೋಲಿಸಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೀರಾ ಗಟ್ಟಿಯಾದದ್ದು ವಕೀಲರಿಂದ ಬರುತ್ತದೆ. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಕಂಪನಿ ಹೆಚ್ಚು ತಲೆಹಾಕಿದಷ್ಟೂ, ಅವರ ಮೇಲಿನ ನಿಯಂತ್ರಣ ನಿಜದಲ್ಲಿ ಕಂಪನಿಯದ್ದೇ, ಗುತ್ತಿಗೆ ಬರೀ ತೋರಿಕೆಯದ್ದು ಎಂದು ನ್ಯಾಯಾಲಯ ತೀರ್ಮಾನಿಸುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ದೂರವಿರುವುದೇ ಕ್ಷೇಮ ಎಂಬ ಸಲಹೆ ಅದು. ಇದರಲ್ಲಿ ಹುರುಳಿಲ್ಲದಿಲ್ಲ. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನೇತಾನಾಗಿ ಕಂಪನಿಯ ನೌಕರರಾಗುವುದಿಲ್ಲ ಎಂದಿತು. ಜೊತೆಗೆ ಗುತ್ತಿಗೆ ಬರೀ ಮುಖವಾಡವೆಂದು ಸಾಬೀತಾದರೆ ಅವರನ್ನು ಕಂಪನಿಯ ನೌಕರರೆಂದೇ ಪರಿಗಣಿಸಬೇಕೆಂದೂ ಹೇಳಿತು. ಅಂದಿನಿಂದ ನಿಯಂತ್ರಣ ಯಾರದ್ದು ಎಂಬ ಪ್ರಶ್ನೆಯ ಸುತ್ತ ಎಷ್ಟೋ ವ್ಯಾಜ್ಯಗಳು ನಡೆದಿವೆ. ಆದರೆ ಸಲಹೆ ಕೊಡುವವರು ಎರಡು ಬೇರೆ ವಿಷಯಗಳನ್ನು ಒಂದು ಮಾಡುತ್ತಿದ್ದಾರೆ. ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ರಜೆ, ಯಾರ ಮೇಲೆ ಶಿಸ್ತು ಕ್ರಮ ಎಂದು ಕಂಪನಿಯೇ ನಿರ್ಧರಿಸುವುದು ನಿಯಂತ್ರಣ. ಕೊಡಬೇಕಾದ ಸಂಬಳ, ಪಿಎಫ್, ಇಎಸ್‌ಐ ಕೊಟ್ಟಾಗಿದೆಯೇ ಎಂದು ಪರಿಶೀಲಿಸುವುದು ಕಾನೂನು ವಿಧಿಸಿದ ಕರ್ತವ್ಯ. ಬಟವಾಡೆಗೆ ಪ್ರತಿನಿಧಿ ಕಳಿಸು ಎಂದು 1970ರ ಕಾಯ್ದೆಯೇ ಹೇಳಿದ ಮೇಲೆ, ಹಾಗೆ ಕಳಿಸಿದ್ದಕ್ಕೆ ಕಂಪನಿ ಮಾಲೀಕನಾಗಿಬಿಡುವುದಾದರೂ ಹೇಗೆ? ದೂರವಿದ್ದು ಗಳಿಸುವುದೇನೂ ಇಲ್ಲ. ಬಾಕಿ ಹಣದ ಹೊಣೆ ಹೇಗೂ ಬರುತ್ತದೆ. ತಡವಾಗಿ, ಬಡ್ಡಿ ದಂಡಗಳೊಂದಿಗೆ ಬರುತ್ತದೆ ಅಷ್ಟೆ. ಇನ್ನು ಗುತ್ತಿಗೆ ನಿಜಕ್ಕೂ ತೋರಿಕೆಯದ್ದಾಗಿದ್ದರೆ, ಅದನ್ನು ಅಡಗಿಸಿಡುವ ಉಪಾಯವನ್ನು ನನ್ನ ವಾದದಿಂದ ಬಯಸಬಾರದು.

ಇನ್ನೊಂದು ಆಕ್ಷೇಪ ಸಣ್ಣ ಉದ್ಯಮಗಳದ್ದು. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಮೂವತ್ತು ಜನರ ಘಟಕ ನಡೆಸುವವರಿಗೆ ಇಸಿಆರ್ ಓದುವ ಎಚ್‌ಆರ್ ಅಧಿಕಾರಿ ಎಲ್ಲಿಂದ ಬರಬೇಕು? ಆ ತೊಡಕು ತಪ್ಪಿಸಿಕೊಳ್ಳಲೆಂದೇ ತಾನೇ ಅವರು ಏಜೆನ್ಸಿಯನ್ನು ಹುಡುಕುವುದು? ಈ ಕಷ್ಟ ನಿಜ. ಆದರೆ ಜನ ಕಡಿಮೆ ಇರುವಲ್ಲಿ ಪರಿಶೀಲನೆಯೂ ಹಗುರ. ಹತ್ತು ಹೆಸರುಗಳನ್ನು ಹಾಜರಿಯ ಜೊತೆ ತಾಳೆ ನೋಡುವುದು ಲೆಕ್ಕ ಬರೆಯುವವರಿಗೆ ಒಂದು ಗಂಟೆಯ ಕೆಲಸ. ಸಣ್ಣ ಘಟಕದ ಮಾಲೀಕರಿಗೆ ಇರುವ ಅನುಕೂಲವೊಂದು ದೊಡ್ಡವರಿಗಿಲ್ಲ: ಅವರು ಕಾರ್ಮಿಕರನ್ನು ಮುಖ ನೋಡಿ ಬಲ್ಲರು, ನೇರವಾಗಿ ಕೇಳಬಲ್ಲರು. ಅದಕ್ಕಿಂತ ಮುಖ್ಯವಾಗಿ, ಅವರು ತಮಗೆ ಏಜೆನ್ಸಿ ಬೇಕೇ ಎಂದೇ ಮೊದಲು ಕೇಳಿಕೊಳ್ಳಬೇಕು. ಹತ್ತಿರದ ಐಟಿಐಗಳಿಂದ ಹುಡುಗ ಹುಡುಗಿಯರನ್ನು ನೇರವಾಗಿ ತೆಗೆದುಕೊಳ್ಳುವ ದಾರಿಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ತೆಗೆದುಕೊಂಡು, ಕೆಲಸ ಕಲಿತವರನ್ನು ಉಳಿಸಿಕೊಳ್ಳುವ ದಾರಿಯಿದೆ. ಅದರ ಭತ್ಯೆಯಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ವರ್ಷವಿಡೀ ಬೇಕಾಗುವ ಫಿಟ್ಟರ್, ವೆಲ್ಡರ್, ಯಂತ್ರ ನಡೆಸುವವರನ್ನು ಏಜೆನ್ಸಿಯಿಂದ ಪಡೆಯುವ ಸಣ್ಣ ಘಟಕ, ಕೆಲಸ ಕಲಿಸಿದವರನ್ನು ಪದೇ ಪದೇ ಕಳೆದುಕೊಂಡು ಮತ್ತೆ ಕಲಿಸುವ ಖರ್ಚನ್ನು ಹೊರುತ್ತದೆ. ಆ ಖರ್ಚು ಯಾವ ಕೊಟೇಶನ್ನಿನಲ್ಲೂ ಕಾಣುವುದಿಲ್ಲ.

ಬೇಡಿಕೆಯ ಏರಿಳಿತವೆಂಬ ಮೂರನೆಯ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹಬ್ಬದ ದಿನಗಳಲ್ಲಿ ಗೋದಾಮಿಗೆ ದುಪ್ಪಟ್ಟು ಜನ ಬೇಕು. ರಫ್ತಿನ ದೊಡ್ಡ ಆದೇಶ ಬಂದಾಗ ಗಾರ್ಮೆಂಟ್ ಕಾರ್ಖಾನೆಗೆ ಮೂರು ತಿಂಗಳ ಮಟ್ಟಿಗೆ ಕೈಗಳು ಬೇಕು. ಕಾವಲು, ಕ್ಯಾಂಟೀನ್, ಸ್ವಚ್ಛತೆಯ ಕೆಲಸವನ್ನು ಅದರಲ್ಲೇ ನುರಿತವರಿಗೆ ಒಪ್ಪಿಸುವುದರಲ್ಲೂ ಅರ್ಥವಿದೆ. ಹೊಸ ಸಂಹಿತೆಯೂ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ನಿಷೇಧಿಸಿ, ಕೆಲಸ ದಿಢೀರನೆ ಹೆಚ್ಚಾದ ಸಂದರ್ಭದಂಥ ವಿನಾಯಿತಿಗಳನ್ನು ಕೊಟ್ಟಿದೆ. ಆದರೆ ಏರಿಳಿತದ ಹೆಸರಿನಲ್ಲಿ ನಡೆಯುತ್ತಿರುವುದು ಬೇರೆ. ನರಸಾಪುರದಲ್ಲಿ ಫೋನ್ ಜೋಡಿಸುವುದೇ ಕಾರ್ಖಾನೆಯ ಕೆಲಸವಾಗಿತ್ತು. ಆ ಕೆಲಸದವರಲ್ಲಿ ಬಹುಪಾಲು ಗುತ್ತಿಗೆಯವರಾಗಿದ್ದರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಹೊರಗಿನವರಾದಾಗ ಅದನ್ನು ಏರಿಳಿತಕ್ಕೆ ಹೊಂದಿಕೊಳ್ಳುವ ವ್ಯವಸ್ಥೆ ಎನ್ನಲಾಗದು. ಏಜೆನ್ಸಿ ಆಯ್ಕೆಯ ಮೊದಲ ಹೆಜ್ಜೆ ಏಜೆನ್ಸಿಗಳ ಪಟ್ಟಿ ಮಾಡುವುದಲ್ಲ, ಕೆಲಸಗಳ ಪಟ್ಟಿ ಮಾಡುವುದು: ಯಾವುದು ನಿತ್ಯದ್ದು, ಯಾವುದು ತಾತ್ಕಾಲಿಕ, ಯಾವುದಕ್ಕೆ ಹೊರಗಿನ ಪರಿಣತಿ ನಿಜಕ್ಕೂ ಬೇಕು. ಆ ವಿಂಗಡಣೆಯಾದ ಮೇಲೆ ಏಜೆನ್ಸಿಯಿಂದ ಬೇಕಾಗುವವರ ಸಂಖ್ಯೆ ಬಹಳಷ್ಟು ಕಡೆ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ.

ಹಾಗಾದರೆ ಏಜೆನ್ಸಿಗಳನ್ನೇ ತೆಗೆದುಹಾಕಿದರೆ ಎಲ್ಲ ಸರಿಹೋದೀತೇ ಎಂದು ಎದುರು ದಿಕ್ಕಿನಿಂದಲೂ ಕೇಳಬಹುದು. ಬೆಂಗಳೂರಿನ ಪೌರಕಾರ್ಮಿಕರ ಅನುಭವ ಇಲ್ಲಿ ಉಪಯುಕ್ತ. ಗುತ್ತಿಗೆದಾರರ ಕೈಕೆಳಗೆ ಕಡಿಮೆ ಸಂಬಳ, ಕಟ್ಟದ ಪಿಎಫ್, ಪಟ್ಟಿಯಲ್ಲಿ ಮಾತ್ರ ಇರುವ ಹೆಸರುಗಳ ಆರೋಪ ಇವುಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಮೇಲೆ ರಾಜ್ಯ ಸರ್ಕಾರ 2017ರಲ್ಲಿ ಗುತ್ತಿಗೆ ಪದ್ಧತಿ ಕೈಬಿಡಲು ನಿರ್ಧರಿಸಿತು. ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ಕ್ರಮ ಬಂತು. ಅದು ದೊಡ್ಡ ಗೆಲುವು. ಆದರೂ 2018ರಲ್ಲಿ ನೇರ ಪಾವತಿಯಲ್ಲೂ ತಿಂಗಳುಗಟ್ಟಲೆ ಸಂಬಳ ಬಾಕಿಯಾಗಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಮಧ್ಯವರ್ತಿ ಹೋದ, ಹಾಜರಿ ಪಟ್ಟಿಯ ಗೊಂದಲ ಉಳಿಯಿತು. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಏಜೆನ್ಸಿ ಇದೆಯೋ ಇಲ್ಲವೋ ಎಂಬುದಕ್ಕಿಂತ, ದುಡಿದ ದಿನದಿಂದ ಖಾತೆಗೆ ಹಣ ಬೀಳುವವರೆಗಿನ ದಾರಿಯನ್ನು ಯಾರು ಕಣ್ಣಿಟ್ಟು ಕಾಯುತ್ತಾರೆ ಎಂಬುದು ದೊಡ್ಡದು. ಆದರೂ ಒಂದು ವ್ಯತ್ಯಾಸ ಮರೆಯಬಾರದು. ನೇರ ಪಾವತಿ ತಪ್ಪಿದಾಗ ಯಾರನ್ನು ಕೇಳಬೇಕೆಂಬುದು ಪೌರಕಾರ್ಮಿಕರಿಗೆ ಸ್ಪಷ್ಟವಿತ್ತು, ಆದ್ದರಿಂದಲೇ ಹೋರಾಟ ಮುಂದುವರಿದು ಕಾಯಂ ನೇಮಕಾತಿಯವರೆಗೆ ತಲುಪಿತು. ಕಂಪನಿಯ ಮತ್ತು ಏಜೆನ್ಸಿಯ ಬೆರಳುಗಳು ಪರಸ್ಪರರತ್ತ ತೋರಿಸುವಲ್ಲಿ ಆ ಸ್ಪಷ್ಟತೆಯೂ ಇರುವುದಿಲ್ಲ. ಏಜೆನ್ಸಿಯನ್ನು ಇಟ್ಟುಕೊಳ್ಳುವ ಕಂಪನಿ ಆ ಸ್ಪಷ್ಟತೆಯನ್ನು ತಾನೇ ಕಟ್ಟಿಕೊಡಬೇಕು: ಸಂಬಳದ ದೂರು ಬಂದರೆ ಕೇಳುವವರು ಕಂಪನಿಯ ಇಂಥ ಅಧಿಕಾರಿ, ಇಷ್ಟು ದಿನದಲ್ಲಿ ಉತ್ತರ, ಉತ್ತರ ಬಾರದಿದ್ದರೆ ಕಂಪನಿಯಿಂದಲೇ ಪಾವತಿ ಎಂಬುದು ಕನ್ನಡದಲ್ಲೂ ಕಾರ್ಮಿಕರ ಇತರ ಭಾಷೆಗಳಲ್ಲೂ ಗೇಟಿನ ಬಳಿ ಬರೆದು ಹಾಕಿರಬೇಕು.

ಕಚೇರಿ ಹುದ್ದೆಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ನೇಮಕಾತಿ ಸಂಸ್ಥೆಗಳ ವ್ಯವಹಾರ ಬೇರೆ ಬಗೆಯದ್ದಾದರೂ ಮೂಲ ದೋಷ ಒಂದೇ. ಅಲ್ಲಿ ವಾರ್ಷಿಕ ಸಂಬಳದ ಶೇಕಡ 8.33, ಅಂದರೆ ಒಂದು ತಿಂಗಳ ಸಂಬಳ, ಸಾಮಾನ್ಯವಾಗಿ ಕೇಳಿಬರುವ ದರ. ಸೇರಿದವರು 90 ದಿನದೊಳಗೆ ಬಿಟ್ಟರೆ ಬದಲಿ ಕೊಡುವ ಭರವಸೆ. ಅಭ್ಯರ್ಥಿ ಸೇರಿದ ದಿನವೇ ಸಂಸ್ಥೆಯ ಆಸಕ್ತಿ ಮುಗಿಯುವಂತೆ ಹಣದ ಕ್ರಮವಿದ್ದರೆ, ಅದು ಸೇರಿಸುವುದಕ್ಕೆ ಬೇಕಾದಷ್ಟನ್ನೇ ಮಾಡುತ್ತದೆ. ಒಂದೇ ಹುದ್ದೆಯನ್ನು ಐದು ಸಂಸ್ಥೆಗಳಿಗೆ ಒಟ್ಟಿಗೆ ಕೊಟ್ಟರೆ ಎಲ್ಲರೂ ಓಡುವುದು ಮೊದಲು ಬಯೋಡೇಟಾ ಕಳಿಸಲು. ಅಭ್ಯರ್ಥಿಯನ್ನು ಕೇಳದೆಯೇ ಅವರ ವಿವರ ಕಳಿಸುವ ಕೆಟ್ಟ ರೂಢಿ ಹುಟ್ಟುವುದು ಈ ಓಟದಿಂದ. ಒಬ್ಬರಿಗೇ ಕೆಲಸ ಒಪ್ಪಿಸಿ, ಶುಲ್ಕದ ಒಂದು ಭಾಗವನ್ನು ಆರು ತಿಂಗಳ ನಂತರ ಕೊಡುವ ಒಪ್ಪಂದ ಮಾಡಿಕೊಂಡರೆ ಅದೇ ಸಂಸ್ಥೆ ಬೇರೆ ರೀತಿ ದುಡಿಯುತ್ತದೆ. ಏಜೆನ್ಸಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅದಕ್ಕೆ ಹಣ ಸಿಗುವ ರೀತಿ ಬಹುಪಾಲು ನಿರ್ಧರಿಸುತ್ತದೆ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಆದ್ದರಿಂದ ಸುಧಾರಣೆ ಆರಂಭವಾಗಬೇಕಾದದ್ದು ಏಜೆನ್ಸಿಯ ಕಚೇರಿಯಲ್ಲಲ್ಲ, ಆದೇಶ ಕೊಡುವ ಕಂಪನಿಯ ಕೋಣೆಯಲ್ಲಿ. ಪ್ರಾಮಾಣಿಕ ಏಜೆನ್ಸಿ ಬದುಕಬಲ್ಲ ದರವನ್ನು ಕಂಪನಿ ತಾನೇ ಲೆಕ್ಕಹಾಕಿ, ಅದಕ್ಕಿಂತ ಕೆಳಗಿನ ಕೊಟೇಶನ್ನನ್ನು ತಿರಸ್ಕರಿಸಬೇಕು. ಸರ್ಕಾರಿ ಖರೀದಿಯಲ್ಲಿ ಶೂನ್ಯಕ್ಕೆ ಸಮೀಪದ ಸೇವಾಶುಲ್ಕ ನಮೂದಿಸುವ ಪೈಪೋಟಿ ಮಿತಿಮೀರಿ, ಕನಿಷ್ಠ ಶುಲ್ಕ ಗೊತ್ತುಮಾಡಬೇಕಾಗಿ ಬಂದದ್ದು ಖಾಸಗಿಯವರಿಗೂ ಪಾಠವಾಗಲಿ. ಬಿಲ್ಲಿನ ಸಂಬಳದ ಭಾಗವನ್ನು ಏಳನೇ ತಾರೀಖಿನ ಮೊದಲೇ ಪಾವತಿಸಿ, ಸೇವಾಶುಲ್ಕವನ್ನು ಮಾತ್ರ ಇಸಿಆರ್ ತಾಳೆಯಾದ ಮೇಲೆ ಕೊಡುವ ಕ್ರಮ ತಂದರೆ ಏಜೆನ್ಸಿಯ ಬಡ್ಡಿಯ ಹೊರೆ ಇಳಿಯುತ್ತದೆ, ಕಂಪನಿಯ ಹಿಡಿತವೂ ಉಳಿಯುತ್ತದೆ. ಮೇಲಿನ ಉದಾಹರಣೆಯ ಲೆಕ್ಕದಲ್ಲಿ ಇದಕ್ಕೆ ತಿಂಗಳಿಗೆ ಒಂದು ಲಕ್ಷ ಹೆಚ್ಚು ಬೀಳಬಹುದು. ಆ ಒಂದು ಲಕ್ಷ ಹೊಸ ಖರ್ಚೇನಲ್ಲ; ಇಷ್ಟು ದಿನ ನೂರು ಜನ ಕಾರ್ಮಿಕರು ತಲಾ ಸಾವಿರ ರೂಪಾಯಿಯಂತೆ, ಪಿಎಫ್‌ನಲ್ಲೋ ಓಟಿಯಲ್ಲೋ ಊರ ಏಜೆಂಟನಿಗೆ ಕೊಟ್ಟ ಸಾಲದಲ್ಲೋ, ಕಂಪನಿಯ ಪರವಾಗಿ ಕಟ್ಟುತ್ತಿದ್ದ ಹಣ. ಅದನ್ನು ಕಟ್ಟಬೇಕಾದವರೇ ಕಟ್ಟಲಿ. ಅಷ್ಟು ಕಟ್ಟಲು ತನ್ನಿಂದಾಗದು ಎನ್ನುವ ಉದ್ಯಮಕ್ಕೆ ಬೇಕಾಗಿರುವುದು ಅಗ್ಗದ ಏಜೆನ್ಸಿಯಲ್ಲ, ತನ್ನ ವ್ಯಾಪಾರದ ಲೆಕ್ಕವನ್ನು ಮೊದಲಿನಿಂದ ನೋಡುವ ಧೈರ್ಯ.